ಹಾಜರಿ ಪಟ್ಟಿಯಲ್ಲೊಂದು ಸಹಿ

ನನ್ನ ಮಗಳು ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡಿದ್ದಳು ಎಂಬ ಸಂಗತಿ ನನಗೆ ತಿಳಿದದ್ದು ಅವಳ ಕ್ಲಾಸ್ ಟೀಚರ್ ಬಾಯಿಂದ.

ಆಗ ನಾವು ಜರ್ಮನಿಯ ಕಲೋನ್‌ನಲ್ಲಿದ್ದೆವು. ಗಂಡ ಅಲ್ಲಿನ ಸರಕಾರ ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಬಂದ ಎಂಜಿನಿಯರ್. ಕಾರಿನೊಳಗಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಗ್ರೀನ್ ಕಾರ್ಡ್ ಎಂಬ ಹೆಸರು ದೊಡ್ಡದಾಗಿ ಕೇಳಿಸಿದರೂ ಅದು ಐದು ವರ್ಷಕ್ಕೆ ಮುಗಿಯುವ ಪರವಾನಗಿ. ನಾನು ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂಬತ್ತು ವರ್ಷ ಕಲಿಸಿದವಳು. ಇಲ್ಲಿ ಗ್ರೀನ್ ಕಾರ್ಡಿನವರ ಹೆಂಡತಿಯರು ಬಂದ ಕೂಡಲೇ ದುಡಿಯುವಂತಿರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ಅದನ್ನು ಬರೆದೇ ಕೊಟ್ಟಿದ್ದರು. ಅಡಿಗೆ, ಜರ್ಮನ್ ಕ್ಲಾಸು, ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು, ಇಷ್ಟೇ ನನ್ನ ದಿನ.

ಒಂದು ಮಧ್ಯಾಹ್ನ ಟೀಚರ್ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಮೂರನೇ ಕ್ಲಾಸಿನ ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಕೂರಿಸಿದರು. ತಾವೂ ಅಂಥದ್ದೇ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ನನಗೆ ಅರ್ಥವಾಗಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ ಕೇಳತೊಡಗಿದರು. ಮಗಳು ಎಷ್ಟು ತಿಂಗಳು ಭಟ್ಟಿಯಲ್ಲಿದ್ದಳು? ರಾತ್ರಿ ಅಲ್ಲೇ ಮಲಗುತ್ತಿದ್ದಳೇ? ಅವಳ ತಂದೆ ಮಾಲೀಕನಿಗೆ ಹಣ ಕೊಟ್ಟು ಬಿಡಿಸಿಕೊಂಡು ಬಂದದ್ದು ನಿಜವೇ?

ನನ್ನ ಜರ್ಮನ್ ಕೈಕೊಟ್ಟಿದೆ, ಏನೋ ತಪ್ಪು ಕೇಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೆ. ಮತ್ತೊಮ್ಮೆ ಹೇಳಿಸಿದೆ. ತಪ್ಪು ಕೇಳಿರಲಿಲ್ಲ. ಟೀಚರ್ ಮಾತಿನಲ್ಲಿ ಕರುಣೆಯಿತ್ತು, ಆದರೆ ಕಣ್ಣು ಮಾತ್ರ ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದವರ ಮನೆಗೆ ಯೂಗೆಂಡ್‌ಆಮ್ಟ್ ಎಂಬ ಕಚೇರಿಯವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ನಮ್ಮವರ ನಡುವೆ ಓಡಾಡುತ್ತಿತ್ತು. "ಅವಳು ಇಟ್ಟಿಗೆ ಮುಟ್ಟಿದವಳೇ ಅಲ್ಲ. ಅವಳಜ್ಜ ಪೋಸ್ಟ್ ಮಾಸ್ಟರ್" ಎಂದೆ. ಟೀಚರ್ ಅದನ್ನು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ ಕಪಾಟಿನಿಂದ ಒಂದು ಅಭ್ಯಾಸ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಭಾರತದ ಒಂದು ಮಗು" ಎಂದು ಅದರ ತಲೆಬರಹ. ತಲೆಯ ಮೇಲೆ ಇಟ್ಟಿಗೆ ಹೊತ್ತ ಹುಡುಗಿಯ ಚಿತ್ರ, ಕೆಳಗೆ ಅವಳ ದಿನಚರಿ, ತಂದೆ ಮಾಲೀಕನಿಗೆ ಹಣ ಕೊಟ್ಟು ಅವಳನ್ನು ಬಿಡಿಸಿಕೊಂಡು ಬಂದ ಕತೆ. ಅವಳು "ಇಂಡಿಯನ್ ಭಾಷೆ" ಮಾತಾಡುತ್ತಾಳಂತೆ. ಪಕ್ಕದಲ್ಲಿ ಹಳ್ಳಿಯ ಶಾಲೆಯೊಂದರ ಫೋಟೊ. ಅದರಲ್ಲಿದ್ದ ಕಪ್ಪು ಹಲಗೆಯ ಹಿಂದಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಫೋಟೊವನ್ನು ಉಲ್ಟಾ ಅಚ್ಚು ಹಾಕಿದ್ದರು. ಕೊನೆಯಲ್ಲಿ ಬಿಟ್ಟ ಸ್ಥಳ ತುಂಬಿರಿ: ಭಾರತದಲ್ಲಿ ಮಕ್ಕಳು ಶಾಲೆಗೆ ಹೋಗುವ ಬದಲು ಡ್ಯಾಷ್ ಮಾಡಬೇಕಾಗುತ್ತದೆ.

ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡೆ.

"ಯಾಕ ಸುಳ್ಳ ಹೇಳಿದಿ?"

ಅವಳು ಎಂದಿನಂತೆ ಜರ್ಮನ್‌ನಲ್ಲೇ ಉತ್ತರ ಕೊಟ್ಟಳು. ಭಾರತದಲ್ಲಿ ಹೇಗಿರುತ್ತದೆ, ನೀನೇ ಹೇಳು ಎಂದು ಟೀಚರ್ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರಂತೆ. ಎಲ್ಲರೂ ಅವಳತ್ತ ತಿರುಗಿದರಂತೆ. "ಹಾಳೆಯಲ್ಲಿ ಇದ್ದದ್ದನ್ನೇ ಹೇಳಿದೆ ಅಮ್ಮಾ. ಬೇರೆ ಹೇಳಿದ್ದರೆ ತಪ್ಪು ಉತ್ತರ ಆಗುತ್ತಿತ್ತು."

ಬೈಯುವುದು ಬಿಟ್ಟು, ಟೀಚರ್ ಕೊಟ್ಟ ಹಾಳೆಯನ್ನು ಇನ್ನೊಮ್ಮೆ ಓದಿದೆ.

ಹಾಳೆಯ ಅಡಿಯಲ್ಲಿ ಅದನ್ನು ತಯಾರಿಸಿದ ಸಂಸ್ಥೆಯ ವಿಳಾಸವಿತ್ತು. ಸರಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ. ಕಲೋನ್ ಸೇರಿದ ರಾಜ್ಯದ ಶಾಲೆಗಳಿಗೆ ಪಾಠದ ಸಾಮಗ್ರಿ ಮಾಡಿ ಕೊಡುವುದೇ ಅದರ ಕೆಲಸ. ನಾನು ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದೆ. ಶಿಕ್ಷಕಿಯ ಚಟ, ತಪ್ಪುಗಳಿಗೆ ನಂಬರು ಹಾಕಿದೆ. ಹನ್ನೊಂದಾದವು. ಉತ್ತರ ಬರುತ್ತದೆಂಬ ಆಸೆ ಇರಲಿಲ್ಲ. ಎರಡೇ ವಾರದಲ್ಲಿ ಬಂತು. ಬಂದು ಮಾತಾಡಿ, ಕಾಫಿ ಕುಡಿಯೋಣ ಎಂದಿತ್ತು.

ರೈಲಿನಲ್ಲಿ ಒಂದೂವರೆ ಗಂಟೆ ಹೋಗಿ ಬಂದೆ. ಆ ಹಾಳೆಯ ಸಂಪಾದಕಿ ನನಗಾಗಿ ಕಾದಿದ್ದರು. ಕತ್ತರಿಸಿದ ಬಿಳಿಗೂದಲು, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಹನ್ನೊಂದನ್ನೂ ಕೇಳಿದರು, ಒಂದೊಂದಕ್ಕೂ ಮರುಪ್ರಶ್ನೆ ಹಾಕಿ ಬರೆದುಕೊಂಡರು. ನಾನು ಆಡಿದ ಮಾತನ್ನು ಯಾರೋ ಕೂತು ಬರೆದುಕೊಂಡದ್ದು ಈ ದೇಶಕ್ಕೆ ಬಂದ ಮೇಲೆ ಅದೇ ಮೊದಲು. ಹೊರಡುವಾಗ ಒಂದು ಹಾಜರಿ ಪಟ್ಟಿ ಮುಂದಿಟ್ಟರು. ಮೇಲೆ ಉದ್ದದೊಂದು ಜರ್ಮನ್ ಪದವಿತ್ತು. ಅದನ್ನು ಓದಲು ಹೋಗದೆ, ಖುಷಿಯಲ್ಲಿ, ಸಹಿ ಮಾಡಿದೆ.

ಆಮೇಲೆ ಸಂಸ್ಥೆಯಿಂದ ಒಂದು ಸುದ್ದಿಯೂ ಇಲ್ಲ. ಚಳಿಗಾಲ ಕಳೆಯಿತು. ಪಕ್ಕದ ಕ್ಲಾಸಿನಲ್ಲಿ ಅದೇ ಹಾಳೆಯನ್ನು ಹಂಚಿದರೆಂದು ಮಗಳು ಹೇಳಿದಳು.

ವಸಂತದಲ್ಲಿ ದಪ್ಪ ಲಕೋಟೆಯೊಂದು ಬಂತು. ಮೇಲೆ ಲಾಂಡ್‌ಟಾಗ್‌ನ ಮುದ್ರೆ. ಲಾಂಡ್‌ಟಾಗ್ ಎಂದರೆ ನಮ್ಮ ವಿಧಾನಸಭೆಯಂಥದ್ದು. ಅದನ್ನು ಹಿಡಿದುಕೊಂಡು ಎರಡು ಮಹಡಿ ಕೆಳಗಿದ್ದ ಮಂಗಳೂರಿನ ನರ್ಸ್ ಮನೆಗೆ ಓಡಿದೆ. ಅವರು ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ನಾನು ಅವರನ್ನು ಸಿಸ್ಟರ್ ಎನ್ನುತ್ತಿದ್ದೆ.

"ಎಂತ ಹೀಗೆ ನಡುಗ್ತೀರಿ? ಇದು ಪೊಲೀಸಿನವರ ಕಾಗದ ಅಲ್ಲ ಮಾರಾಯ್ರೆ" ಎಂದರು ಸಿಸ್ಟರ್, ಕನ್ನಡಕ ಹಾಕಿಕೊಳ್ಳುತ್ತ. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು. "ಆದ್ರೆ ಇದ್ರಲ್ಲಿ ಎಂತದೋ ಉಂಟು."

ವಿಷಯ ಹೀಗಿತ್ತು. ವಿರೋಧ ಪಕ್ಷದ ಶಾಸಕಿಯೊಬ್ಬರು ಆ ಸಂಸ್ಥೆಯ ಕೆಲಸದ ಬಗ್ಗೆ ಸರಕಾರಕ್ಕೆ ಲಿಖಿತ ಪ್ರಶ್ನೆಗಳನ್ನು ಹಾಕಿದ್ದರು. ಬೇರೆ ದೇಶಗಳ ಬಗ್ಗೆ ಮಾಡುವ ಪಾಠಗಳನ್ನು ಆ ದೇಶ ಗೊತ್ತಿದ್ದವರು ನೋಡುತ್ತಾರೆಯೇ ಎಂಬುದು ಅದರಲ್ಲೊಂದು. ಭಾರತದ ಹಾಳೆಯನ್ನು ಭಾರತದ ಶಿಕ್ಷಣತಜ್ಞೆಯೊಬ್ಬರ ಸಹಭಾಗಿತ್ವದಲ್ಲಿ ಸಿದ್ಧಪಡಿಸಲಾಗಿದೆ ಎಂದು ಸರಕಾರ ಉತ್ತರಿಸಿತ್ತು. ಆ ತಜ್ಞೆ ನೀವೇ ಎಂದು ತಿಳಿದುಬಂದಿದೆ, ಶಿಕ್ಷಣ ಸಮಿತಿಯ ವಿಚಾರಣೆಯಲ್ಲಿ ಬಂದು ಹೇಳಿಕೆ ಕೊಡುವಿರಾ ಎಂದು ಶಾಸಕಿ ಕೇಳಿದ್ದರು.

ನಾನು ಹೋದದ್ದು ಅಚ್ಚಾದ ಹಾಳೆ ಹಿಡಿದುಕೊಂಡು, ಅದನ್ನು ಬೈಯಲು. ಈಗ ನೋಡಿದರೆ ಅದನ್ನು ಮಾಡಿದವಳೇ ನಾನು.

"ಈ ಮೇಡಂ ಯಾವ ಪಕ್ಷ ಗೊತ್ತುಂಟಾ?" ಎಂದರು ಸಿಸ್ಟರ್. ಹೆಸರು ಹೇಳಿದರು. ಎರಡು ವರ್ಷದ ಹಿಂದೆ ಚುನಾವಣೆಯಲ್ಲಿ ನನ್ನ ಗಂಡನಂಥವರನ್ನು ಕರೆಸಬೇಡಿ ಎಂದು ಪ್ರಚಾರ ಮಾಡಿದ ಪಕ್ಷ ಅದು. "ಅವರಿಗೆ ಈಗ ನಿಮ್ಮ ಮೇಲೆ ಎಂತ ಅಷ್ಟು ಪ್ರೀತಿ?"

ಸಂಜೆ ಗಂಡ ಬಂದು ಕಾಗದ ನೋಡಿದವನೇ ಶೂ ಬಿಚ್ಚುವುದನ್ನೂ ಮರೆತು ಅಲ್ಲೇ ಕೂತ.

"ತಜ್ಞೆ ಅಂತ ಬರದಾರ. ಹಂಗಂದ್ರ ನೀ ಅಲ್ಲಿ ಕೆಲಸ ಮಾಡೀದಿ ಅಂತ ಆತು. ನಿನ್ನ ಪಾಸ್‌ಪೋರ್ಟ್‌ನ್ಯಾಗ ಏನ ಬರದೈತಿ?"

"ನಾ ಬರೇ ಕಾಫಿ ಕುಡದ ಬಂದೀನ್ರಿ."

"ಅದು ನಿನಗ ಗೊತ್ತು, ನನಗ ಗೊತ್ತು. ಔಸ್‌ಲೆಂಡರ್‌ಆಮ್ಟ್‌ನವರಿಗೆ ಗೊತ್ತೈತೇನ?"

ಔಸ್‌ಲೆಂಡರ್‌ಆಮ್ಟ್ ಎಂದರೆ ವಿದೇಶಿಯರ ಕಚೇರಿ, ನಮ್ಮ ವೀಸಾ ಅದರ ಕೈಯಲ್ಲಿತ್ತು. ಅದರ ಹೆಸರು ಬಂದರೆ ನಮ್ಮ ಮನೆಯಲ್ಲಿ ದನಿ ತಾನಾಗಿ ತಗ್ಗುತ್ತಿತ್ತು.

ನನ್ನ ಹೆಸರು, ವಿಳಾಸ ಆ ಶಾಸಕಿಗೆ ಕೊಟ್ಟವರು ಯಾರು? ಅಂದಿನಿಂದ ಇದೇ ಯೋಚನೆ. ಕ್ಲಾಸ್ ಟೀಚರ್ ಇರಬಹುದೇ? ಅವರು ಗೇಟಿನಲ್ಲಿ ನಕ್ಕರೆ, ಯಾಕೆ ನಕ್ಕರು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಔಸ್‌ಲೆಂಡರ್‌ಆಮ್ಟ್‌ನಿಂದಲೇ ಹೋಗಿದ್ದರೆ? ಒಂದು ದಿನ ಸಿಸ್ಟರ್ ಮೇಲೂ ಅನುಮಾನ ಬಂತು. ಅವರಿಗೆ ಕೊಡಲು ಹೊರಟಿದ್ದ ಚಟ್ನಿಪುಡಿಯ ಡಬ್ಬಿಯನ್ನು ಮೆಟ್ಟಿಲಿನಿಂದಲೇ ವಾಪಸು ತಂದೆ. ಮನೆಯೊಳಗೆ ಬಂದ ಮೇಲೆ ನನ್ನ ಬಗ್ಗೆ ನನಗೇ ನಾಚಿಕೆಯಾಗಿ ಮತ್ತೆ ಇಳಿದು ಹೋಗಿ ಕೊಟ್ಟು ಬಂದೆ.

ಸಂಪಾದಕಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳುತ್ತಲೇ ಮಾತು ತಡೆದು, "ಆ ವಿಷಯ ನಾನು ಮಾತಾಡುವಂತಿಲ್ಲ" ಎಂದರು. "ನೀವು ಬರೆದುಕೊಂಡಿರಲ್ಲ, ಆ ಹನ್ನೊಂದು..." ಎನ್ನುವಷ್ಟರಲ್ಲಿ ಫೋನ್ ಇಟ್ಟರು. ಅಲ್ಲಿಗೆ ನನಗೆ ಖಾತ್ರಿಯಾಯಿತು. ಕಾಫಿ ಕುಡಿಸಿ, ನಗುತ್ತ ಮಾತಾಡಿಸಿ, ಸಹಿ ಹಾಕಿಸಿಕೊಂಡದ್ದೇ ಇದಕ್ಕೆ. ಬರೆದುಕೊಂಡದ್ದು ನಾಟಕ. ಆ ಹೆಂಗಸಿನ ಮೇಲೆ ಹುಟ್ಟಿದಷ್ಟು ಸಿಟ್ಟು ನನಗೆ ನನ್ನ ಅತ್ತೆಯ ಮೇಲೂ ಹುಟ್ಟಿರಲಿಲ್ಲ.

ಶಾಸಕಿಯನ್ನು ಕಲೋನ್‌ನ ಅವರ ಕಚೇರಿಯಲ್ಲಿ ಕಂಡೆ. ಚೆಂದದ ಇಂಗ್ಲಿಷು, ಕೊರಳಲ್ಲಿ ಮುತ್ತಿನ ಸರ. ನನ್ನ ಎರಡೂ ಕೈ ಹಿಡಿದುಕೊಂಡು, "ಅವರು ನಿಮ್ಮನ್ನು ಬಳಸಿಕೊಂಡಿದ್ದಾರೆ" ಎಂದರು. ಅಲ್ಲಿಗೆ ಬರುವಾಗ ನಾನೂ ಅದನ್ನೇ ಅಂದುಕೊಂಡಿದ್ದೆ. ಅವರು ಹೇಳಿದ ಕೂಡಲೇ ಅದು ಸರಿಯೆನಿಸದೆ ಹೋಯಿತು.

"ಹಾಳೆಯಲ್ಲಿ ನಿಮಗೆ ಯಾವುದು ತಪ್ಪೆನಿಸಿತು?" ಎಂದು ಕೇಳಿದೆ.

ಅವರು ಸಹಾಯಕನ ಕಡೆ ನೋಡಿದರು. ಅವನು ಫೈಲಿನಲ್ಲಿ ಹುಡುಕಿದ. ಹಾಳೆ ಸಿಗಲಿಲ್ಲ. ಅವರು ಅದನ್ನು ಓದಿಯೇ ಇರಲಿಲ್ಲ.

"ನಮ್ಮಂಥವರು ಬರುವುದೇ ಬೇಡ ಎಂದಿತ್ತಲ್ಲ ನಿಮ್ಮ ಪಕ್ಷ?"

"ಅದು ಚುನಾವಣೆಯ ಮಾತು" ಎಂದು ನಕ್ಕರು. ಯಾವ ಪೇಚೂ ಇಲ್ಲದ ನಗು. ನನಗೇ ಪೇಚಾಯಿತು.

ಹೋಗುವುದೋ ಬೇಡವೋ ಎಂದು ಎರಡು ವಾರ ಮನೆಯಲ್ಲಿ ಅದೇ ಚರ್ಚೆ. ಗಂಡನದು ಒಂದೇ ಮಾತು, ನಮಗ ಯಾಕ ಬೇಕ ಅವರ ಜಗಳ. ನನಗೂ ಹಾಗೇ ಅನಿಸುತ್ತಿತ್ತು. ಆದರೆ ನಾನು ಹೋಗದಿದ್ದರೆ ಆ ಹಾಳೆ ನನ್ನದಾಗಿಯೇ ಉಳಿಯುತ್ತಿತ್ತು. ಒಂಬತ್ತು ವರ್ಷ ಪಾಠ ಮಾಡಿದವಳ ಹೆಸರಿಗೆ ಆ ಉಲ್ಟಾ ಹಲಗೆ ಅಂಟಿಕೊಳ್ಳುವುದು ನನಗೆ ಬೇಡವಾಗಿತ್ತು. ಕೊನೆಗೆ ಅವನೇ ಹೇಳಿದ: "ಹೋಗೋದಾದ್ರ ನಾನೂ ಬರ್ತೀನಿ. ನಿನ್ನೊಬ್ಬಾಕಿನ್ನ ಅಂತಾ ಮಂದ್ಯಾಗ ಕಳಸಂಗಿಲ್ಲ."

ಒಂದು ಪುಟದ ಹೇಳಿಕೆಯನ್ನು ಜರ್ಮನ್‌ನಲ್ಲಿ ಬರೆದೆ. ಮಗಳು ಕೆಂಪು ಪೆನ್ಸಿಲ್ ಹಿಡಿದು ತಿದ್ದಿದಳು. ನನ್ನ ಲಿಂಗ, ವಿಭಕ್ತಿಗಳ ಮೇಲೆಲ್ಲ ಗೆರೆ ಎಳೆದು, "ಅಮ್ಮಾ, ಇದು ಎರಡನೇ ಕ್ಲಾಸಿನದು" ಎಂದಳು.

ಲಾಂಡ್‌ಟಾಗ್‌ನಲ್ಲಿ ಸಮಿತಿಯ ಕೋಣೆ ದುಂಡಗಿತ್ತು. ಎಲ್ಲರ ಮುಂದೆ ಮೈಕು, ನೀರಿನ ಬಾಟಲಿ. ಸದಸ್ಯರು ಎದ್ದು ಹೋಗುತ್ತಿದ್ದರು, ಬರುತ್ತಿದ್ದರು. ಒಬ್ಬರು ಕಾಗದಗಳ ಮೇಲೆ ಸಹಿ ಹಾಕುತ್ತಲೇ ಕೂತಿದ್ದರು. ಗಂಡ ಹಿಂದಿನ ಸಾಲಿನಲ್ಲಿ, ಮದುವೆಯ ಕೋಟು ತೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಸಂಸ್ಥೆಯ ನಿರ್ದೇಶಕರು ನನ್ನ ಎದುರಿಗೆ. ಅವರ ಬೆನ್ನ ಹಿಂದೆ ಆ ಸಂಪಾದಕಿ, ತೊಡೆಯ ಮೇಲೆ ಫೈಲು. ನಾನು ನೋಡಿದಾಗೆಲ್ಲ ಅವರ ಕಣ್ಣು ಫೈಲಿನ ಮೇಲೆ.

ನಿರ್ದೇಶಕರು ಮೆಲುದನಿಯಲ್ಲಿ ಮಾತಾಡಿದರು. ತಜ್ಞರ ಸಹಭಾಗಿತ್ವ ನಮ್ಮ ಸಂಸ್ಥೆಯಲ್ಲಿ ಎಂದಿನ ಕ್ರಮ, ಭಾರತದ ಹಾಳೆಗೂ 'ತಜ್ಞರ ಸಮಾಲೋಚನೆ' ಎಂಬ ತಲೆಬರಹದ, ಸಹಿ ಮಾಡಿದ ಹಾಜರಿ ಪಟ್ಟಿಯಿದೆ ಎಂದರು. ಆಮೇಲೆ ಅಧ್ಯಕ್ಷರು ನನ್ನ ಹೆಸರು ಕರೆದರು. ಉಚ್ಚಾರ ಎಷ್ಟು ಕೆಟ್ಟಿತ್ತೆಂದರೆ ಅದು ನಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಮೈಕಿನ ಕೆಂಪು ದೀಪ ಹತ್ತಿತು. ಓದಿದೆ. ನಾನು ಆ ಸಂಸ್ಥೆಗೆ ಹೋದದ್ದು ನಿಜ. ಆದರೆ ಅದಕ್ಕೆ ಮೂರು ವಾರ ಮುಂಚೆಯೇ ಹಾಳೆ ನನ್ನ ಮಗಳ ಕ್ಲಾಸಿನಲ್ಲಿತ್ತು. ಹಾಳೆಯಲ್ಲಿನ ಹನ್ನೊಂದು ತಪ್ಪು ಹೇಳಲು ಹೋಗಿದ್ದೆ. ಒಂದನ್ನೂ ತಿದ್ದಿಲ್ಲ. ನಾನು ಮಾತುಕತೆಯಲ್ಲಿ ಭಾಗವಹಿಸಿದ್ದೇನೆ, ಹಾಳೆಯಲ್ಲಿ ಅಲ್ಲ.

ಸಹಿ ಹಾಕುತ್ತಿದ್ದವರು ತಲೆಯೆತ್ತಿದರು. ಶಾಸಕಿ ನನ್ನತ್ತ ನೋಡಿ ನಕ್ಕು ತಲೆಯಾಡಿಸಿದರು. ಪಟ್ಟಿಯ ಮೇಲಿನ ತಾರೀಖು ಯಾವುದು ಎಂದು ಅವರು ಕೇಳಿದಾಗ ನಿರ್ದೇಶಕರು ಹಿಂದೆ ತಿರುಗಿದರು. ಸಂಪಾದಕಿ ಫೈಲು ತೆರೆದು, ಆ ಪಟ್ಟಿಯನ್ನು ಹುಡುಕದೆಯೇ ತೆಗೆದು ಮುಂದೆ ಚಾಚಿದರು. ತಾರೀಖು ನಾನು ಹೇಳಿದಂತೆಯೇ, ಹಾಳೆ ಕ್ಲಾಸಿಗೆ ಬಂದ ಮೂರು ವಾರದ ನಂತರದ್ದು.

ಅಲ್ಲಿಗೆ ಮುಗಿಯಿತೆಂದು ಉಸಿರು ಬಿಡುತ್ತಿದ್ದೆ. ಆಳುವ ಪಕ್ಷದ ವಯಸ್ಸಾದ ಸದಸ್ಯರೊಬ್ಬರು ಕೈಯೆತ್ತಿದರು. ಮುಖದಲ್ಲಿ ಮೇಷ್ಟರ ಕಳೆ.

"ಮೇಡಂ, ಹಾಗಾದರೆ ಆ ಇಟ್ಟಿಗೆ ಹೊರುವ ಹುಡುಗಿ ಸುಳ್ಳೇ? ನಿಮ್ಮ ದೇಶದಲ್ಲಿ ಅಂಥ ಮಕ್ಕಳಿಲ್ಲವೇ?"

ಮಗಳು ತಿದ್ದಿಕೊಟ್ಟ ಪುಟದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಶಾಸಕಿ ನನ್ನನ್ನೇ ನೋಡುತ್ತಿದ್ದರು, ಇಲ್ಲ ಎನ್ನು ಎಂಬಂತೆ. ನನಗೆ ನೆನಪಾದದ್ದು ಗದಗಿನ ನನ್ನ ಕ್ಲಾಸು. ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಹಿಂದಿನ ಎರಡು ಬೆಂಚು ಖಾಲಿಯಾಗುತ್ತಿದ್ದವು. ತಿಂಗಳು ಬಿಟ್ಟು ಬರುವ ಆ ಹುಡುಗಿಯರ ಬೆರಳು ಕೆಂಪಾಗಿ ಊದಿರುತ್ತಿದ್ದವು. ಕಣ್ಣುಜ್ಜಿಕೊಂಡು ಅಳುತ್ತಿದ್ದರು.

"ಇದ್ದಾರೆ" ಎಂದೆ. "ನನ್ನ ಕ್ಲಾಸಿನಲ್ಲೇ ಇದ್ದರು. ಆದರೆ ಪಕ್ಕದ ಬೆಂಚಿನಲ್ಲಿ ಶಾಲೆ ತಪ್ಪಿಸದ ಹುಡುಗಿಯರೂ ಇದ್ದರು. ಈ ಹಾಳೆ ಒಬ್ಬಳ ಕತೆ ಹೇಳಿ, ಬಿಟ್ಟ ಸ್ಥಳದಲ್ಲಿ ಎಲ್ಲರನ್ನೂ ತುಂಬಿಸುತ್ತದೆ. ನನ್ನ ಮಗಳು ಸರಿ ಉತ್ತರ ಕೊಡಲು ಸುಳ್ಳು ಹೇಳಬೇಕಾಯಿತು."

ವ್ಯಾಕರಣ ಏನಾಗಿತ್ತೋ ದೇವರೇ ಬಲ್ಲ. ಅರ್ಥವಂತೂ ಆಗಿತ್ತು. ಮೇಷ್ಟರಂಥವರು ಧನ್ಯವಾದ ಹೇಳಿ ಏನೋ ಬರೆದುಕೊಂಡರು. ಶಾಸಕಿಯ ನಗು ಅಷ್ಟರಲ್ಲಿ ಹೋಗಿತ್ತು. ಹೊರಗೆ ಬಂದಾಗ ಬೆರಳ ತುದಿ ಕೊಟ್ಟು ಕೈ ಕುಲುಕಿ, ಪತ್ರಕರ್ತನೊಬ್ಬನ ಕಡೆ ಹೊರಟುಹೋದರು. ಮರುದಿನ ಒಂದು ಪತ್ರಿಕೆಯಲ್ಲಿ, ತಜ್ಞೆಯ ಹೆಸರಿನಲ್ಲಿ ಸುಳ್ಳು ಹೇಳಿದ ಸಂಸ್ಥೆ ಎಂದಿತ್ತು. ಇನ್ನೊಂದರಲ್ಲಿ, ಬಾಲ ಕಾರ್ಮಿಕರಿರುವುದು ನಿಜವೆಂದು ಒಪ್ಪಿದ ಭಾರತೀಯ ಶಿಕ್ಷಕಿ ಎಂದು. ಇಬ್ಬರೂ ತಮಗೆ ಬೇಕಾದ ಅರ್ಧ ತೆಗೆದುಕೊಂಡಿದ್ದರು.

ವಾಪಸು ಬರುವಾಗ ರೈಲಿನಲ್ಲಿ ಗಂಡನಿಗೆ ಒಂದು ಮಾತು ಹೇಳಿದೆ. ಆ ಖಾಲಿ ಬೆಂಚಿನ ಹುಡುಗಿಯರಿಗೆ ನಾನು ಕ್ಲಾಸಿನ ಪುಸ್ತಕದಲ್ಲಿ ಹಾಜರಿ ಹಾಕುತ್ತಿದ್ದೆ. ತಪಾಸಣೆಗೆ ಬಂದವರು ಗೈರುಹಾಜರಿ ಕಂಡರೆ ಹೆಡ್‌ಮಾಸ್ತರರಿಗೆ ಬೈಗುಳ, ಹೆಡ್‌ಮಾಸ್ತರರಿಂದ ನನಗೆ ಬೈಗುಳ. ಒಂಬತ್ತು ವರ್ಷವೂ ಹಾಕಿದ್ದೆ.

"ಅದನ್ನ ಅಲ್ಲಿ ಹೇಳಿಲ್ಲ ಹೌದಿಲ್ಲೊ?" ಎಂದ.

"ಇಲ್ಲರಿ."

"ಚಲೋ ಆತು."

ಚಲೋ ಆಯಿತೆಂದು ನನಗೆ ಅನಿಸಲಿಲ್ಲ. ಎದುರಿನ ಸೀಟಿನಲ್ಲಿ ಕೂತಿದ್ದ ಮುದುಕಿ ನಮ್ಮ ಭಾಷೆ ಗೊತ್ತಿದ್ದವಳಂತೆ ನೋಡುತ್ತಿದ್ದಳು. ಮುಖ ತಿರುಗಿಸಿಕೊಂಡೆ.

ತಿಂಗಳುಗಟ್ಟಲೆ ಗಂಡ ಬೆಳಿಗ್ಗೆ, ಸಂಜೆ ಟಪಾಲು ಡಬ್ಬಿ ತೆರೆದು ನೋಡುತ್ತಿದ್ದ. ಔಸ್‌ಲೆಂಡರ್‌ಆಮ್ಟ್‌ನಿಂದ ಏನೂ ಬರಲಿಲ್ಲ. ಸರಕಾರ ಸದನದಲ್ಲಿ ತನ್ನ ಉತ್ತರವನ್ನು ತಿದ್ದಿಕೊಂಡಿತು ಎಂದು ಸಿಸ್ಟರ್ ಪತ್ರಿಕೆಯಲ್ಲಿ ಓದಿ ಹೇಳಿದರು. ಸಂಸ್ಥೆಯನ್ನು ಯಾರೂ ಮುಚ್ಚಲಿಲ್ಲ. ನಿರ್ದೇಶಕರು ಇದ್ದಲ್ಲೇ ಇದ್ದರು. ಹಾಳೆಯನ್ನು ಮಾತ್ರ ಶಾಲೆಗಳಿಂದ ವಾಪಸು ತರಿಸಿಕೊಂಡರು.

ಶರತ್ಕಾಲದಲ್ಲಿ ಸಂಪಾದಕಿಯ ಫೋನ್ ಬಂತು. ಈಗ ನಿಮ್ಮ ಪಕ್ಕದ ಊರು ಬಾನ್‌ನಲ್ಲಿದ್ದೇನೆ, ಒಮ್ಮೆ ಬರುತ್ತೀರಾ ಎಂದರು. ಹೋಗಬಾರದೆಂದುಕೊಂಡೇ ಹೋದೆ. ನದಿಯ ದಂಡೆಯಲ್ಲೊಂದು ಕೆಫೆ. ಅವರು ಕೆಲಸ ಬಿಟ್ಟಿದ್ದರು. ಬಿಟ್ಟದ್ದೋ, ಬಿಡಿಸಿದ್ದೋ, ಅವರು ಹೇಳಲಿಲ್ಲ. ಕಾಫಿ ಬರುವ ಮೊದಲೇ ಹೇಳಿಬಿಟ್ಟರು:

"ನಿಮ್ಮ ವಿಳಾಸವನ್ನು ಆ ಶಾಸಕಿಗೆ ಕಳಿಸಿದ್ದು ನಾನು. ಪಟ್ಟಿಯ ನಕಲನ್ನೂ ಕಳಿಸಿದೆ."

ನನ್ನ ಸಹಭಾಗಿತ್ವವಿತ್ತು ಎಂಬ ವಾಕ್ಯವನ್ನು ಸರಕಾರದ ಉತ್ತರಕ್ಕಾಗಿ ನಿರ್ದೇಶಕರು ಬರೆಸಿದ್ದರಂತೆ. ಬೇಡವೆಂದು ಇವರು ಎರಡು ಸಲ ಹೇಳಿದ್ದರಂತೆ. ನನ್ನ ಹನ್ನೊಂದು ಅಂಶಗಳನ್ನು ಟೈಪ್ ಮಾಡಿ ಮೇಲೆ ಕಳಿಸಿದ್ದರು, ಅಲ್ಲಿಂದ ಅವು ಕೆಳಗೆ ಬರಲೇ ಇಲ್ಲ. ನಾನು ಫೋನ್ ಮಾಡಿದ ದಿನ ನಿರ್ದೇಶಕರು ಇವರ ಕೋಣೆಯಲ್ಲೇ ನಿಂತಿದ್ದರಂತೆ.

ಅಷ್ಟು ದಿನ ಇವರನ್ನು ಬೈದದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ಅದರ ಹಿಂದೆಯೇ ಬೇರೊಂದು ಪ್ರಶ್ನೆ ಬಂತು.

"ನಾನು ಕೆಲಸ ಮಾಡುವಂತಿಲ್ಲ, ನಮ್ಮ ವೀಸಾ ಒಂದು ಚೀಟಿಯ ಮೇಲೆ ನಿಂತಿದೆ ಎಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು. ಅವತ್ತು ಕಾಫಿ ಕುಡಿಯುವಾಗ ನೀವೇ ಹೇಳಿದ್ದಿರಿ."

"ಮತ್ತೆ ನನ್ನನ್ನು ಕೇಳಲಿಲ್ಲ ಯಾಕೆ?"

"ಕೇಳಿದ್ದರೆ ನೀವು ಬರುತ್ತಿರಲಿಲ್ಲ."

ನಿಜ, ಬರುತ್ತಿರಲಿಲ್ಲ. "ಅದಕ್ಕೇ ಕೇಳಬೇಕಿತ್ತು" ಎಂದೆ.

ಅವರು ಕ್ಷಮಿಸಿ ಎನ್ನಲಿಲ್ಲ. ಆ ಕ್ಷಣಕ್ಕೆ ಅದೂ ಒಂದು ಬಗೆಯ ಪ್ರಾಮಾಣಿಕತೆಯಂತೆ ಕಂಡಿತು. ಕಾಫಿ ಕುಡಿದು, ಮಗಳ ಓದು, ಅವರ ತೋಟ, ಏನೇನೋ ಮಾತಾಡಿದೆವು. ಟ್ರಾಮ್ ನಿಲ್ದಾಣದ ತನಕ ಬಂದು ಕೈ ಕೊಟ್ಟರು. ಕುಲುಕಿದೆ. ಸಿಟ್ಟು ಇಳಿದಿತ್ತು. ನಂಬಿಕೆ ಮಾತ್ರ ಬರಲಿಲ್ಲ, ಬರಿಸಿಕೊಳ್ಳಲು ನಾನೂ ಪ್ರಯತ್ನಿಸಲಿಲ್ಲ. ಆಮೇಲೆ ನಾವು ಭೇಟಿಯಾಗಲಿಲ್ಲ.